ಮಾತು ಬಾರದ ಮಗುವಿನ ಹಲ್ಲುನೋವು

ಟೈಲರಮ್ಮನ ಮಗಳು ಗುಬ್ಬಿಗೆ ಒಂಬತ್ತು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದುಕೊಂಡಿವೆ, ಮಾತು ಬಂದಿಲ್ಲ. ಆಗಾಗ ಫಿಟ್ಸ್ ಬರುತ್ತದೆ. ಆದರೂ ನಗುನಗುತ್ತಾ ಇರುವ ಹುಡುಗಿ. ಈಗ ಎರಡು ವಾರದಿಂದ ತುತ್ತು ಕಂಡರೆ ಮುಖ ತಿರುಗಿಸುತ್ತಾಳೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ.

ಹಟ ಜಾಸ್ತಿಯಾಗಿದೆ ಎಂದರು ಅಜ್ಜಿ. ಇಂಥ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದೂ ಹೇಳಿದರು.

ಯೂನಿಫಾರ್ಮ್ ಸಡಿಲ ಮಾಡಿಸಲು ಬಂದಿದ್ದ ನರ್ಸಕ್ಕ ಗುಬ್ಬಿಯ ಬಲಗೆನ್ನೆ ಮೆಲ್ಲಗೆ ಮುಟ್ಟಿದರು. ಮಗುವಿನ ಮೈಯೆಲ್ಲ ಬಿಗಿಯಿತು.

"ಅಜ್ಜಿ, ಇವಳಿಗೂ ನಮ್ಮ ಹಾಗೇ ನೋವಾಗುತ್ತೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಇವಳಿಗೆ ನೀವೇ ಬಾಯಿ."

ಆಸ್ಪತ್ರೆಯಲ್ಲಿ ನೋಡಿದರೆ ದವಡೆ ಹಲ್ಲಿನ ಬುಡದಲ್ಲಿ ಕೀವು. ಕೀಳಬೇಕು ಎಂದು ಡಾಕ್ಟರು ಹೇಳಿದಾಗ ತಾಯಿಗೆ ಹಳೆಯದು ನೆನಪಾಯಿತು. ಹಿಂದೊಮ್ಮೆ ಬೇರೊಂದು ಕಡೆ ನಾಲ್ಕು ಜನ ಅದುಮಿ ಹಿಡಿದು ಹಲ್ಲು ಕಿತ್ತಿದ್ದರು. ಆಮೇಲೆ ಬಿಳಿ ಕೋಟು ಕಂಡರೆ ಸಾಕು, ಗುಬ್ಬಿ ನಡುಗುತ್ತಿದ್ದಳು. ಈ ಸಲ ಮಂಪರಿನ ಔಷಧಿ ಕೊಟ್ಟು ಮಾಡಿ ಎಂದು ತಾಯಿ ಕೇಳಿಕೊಂಡಳು.

"ಮಂಪರು ಬಂದು ಮಗು ಏಳದೇ ಹೋದ್ರೆ?" ಅಜ್ಜಿ ಡಾಕ್ಟರನ್ನೇ ಕೇಳಿದರು.

ಡಾಕ್ಟರು ನಗಲಿಲ್ಲ. "ನಿಮ್ಮ ಭಯ ಸರಿಯಾದ್ದೇ. ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಅದಕ್ಕೇ ಉಸಿರು, ನಾಡಿ ನೋಡ್ತಾ ಒಬ್ಬರು ಪಕ್ಕದಲ್ಲೇ ಇರ್ತಾರೆ."

ಅವರು ಮಗುವಿನ ತೂಕ ನೋಡಿದರು. ಗೊರಕೆ ಇದೆಯೇ, ನುಂಗಲು ಕಷ್ಟವೇ ಎಂದು ವಿಚಾರಿಸಿದರು. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದರು. ಎಷ್ಟು ಗಂಟೆಯಿಂದ ಏನೂ ತಿನ್ನಿಸಬಾರದು, ಕುಡಿಸಬಾರದು ಎಂಬುದನ್ನು ಬರೆದುಕೊಟ್ಟರು.

ಹಲ್ಲು ಕೀಳುವ ದಿನ ಗುಬ್ಬಿ ಅಮ್ಮನ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆಹೋದಳು. ಯಾರೂ ಅವಳನ್ನು ಅದುಮಲಿಲ್ಲ. ಎಚ್ಚರವಾಗುವವರೆಗೂ ಅಜ್ಜಿ ಬಾಗಿಲ ಹೊರಗೆ ನಿಂತೇ ಇದ್ದರು. ಮನೆಗೆ ಬಂದ ಮೇಲೆ, ಮಗು ಅಳಲಿ ಎಂದು ಕಾಯದೆ, ಡಾಕ್ಟರು ತೂಕಕ್ಕೆ ತಕ್ಕಂತೆ ಬರೆದ ನೋವಿನ ಔಷಧಿಯನ್ನು ಹೊತ್ತುಹೊತ್ತಿಗೆ ಕೊಟ್ಟರು.

ನಾಲ್ಕನೇ ದಿನ ತಟ್ಟೆ ಖಾಲಿಯಾಯಿತು. ಅಜ್ಜಿ ಅದನ್ನೇ ನೋಡುತ್ತಾ ಸೊಸೆಗೆ ಹೇಳಿದರು: "ಎರಡು ವಾರ ಮಗು ಹೇಳ್ತಾನೇ ಇತ್ತು ಕಣೇ. ನನಗೆ ಕೇಳಿಸಲಿಲ್ಲ."

ನಿಮ್ಮ ಮನೆಯಲ್ಲೂ ಇಂಥ ಮಗುವಿದೆಯೇ? ಅದರ ಮುಖ, ಊಟ, ನಿದ್ದೆ ಬದಲಾದರೆ ಹಟವೆಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮಂಪರಿನ ಔಷಧಿಯನ್ನು ಮನೆಯಲ್ಲಿ ನೀವಾಗಿ ಕೊಡಬೇಡಿ, ಅದು ಆಸ್ಪತ್ರೆಯವರ ಕೆಲಸ. ಆದರೆ ಚಿಕಿತ್ಸೆಗೆ ಮುಂಚೆ ಸಂಕೋಚ ಬಿಟ್ಟು ಕೇಳಿ: "ನನ್ನ ಮಗುವಿಗೆ ನೋವಾಗದ ಹಾಗೆ ಏನು ಮಾಡ್ತೀರಿ?"