ಬಸ್ ತಂಗುದಾಣದ ಏಳನೇ ನೀಲಿ

ಈ ಸಲದ ಚಂಡಮಾರುತ ಲೆಮ್ಮಾಯಿ ಊರಿನ ತೆಂಗಿನ ಮರಗಳನ್ನು ಬಿಟ್ಟು ಬಸ್ ತಂಗುದಾಣದ ಬಣ್ಣವನ್ನು ಅಲ್ಲಲ್ಲಿ ಕಿತ್ತುಕೊಂಡು ಹೋಯಿತು. ಗುವಾಮ್ ದ್ವೀಪದ ಬೇರೆ ಊರಿನವರು ಯಾವ ಪಕ್ಷ ಯಾವಾಗ ಆಳಿತೆಂದು ಕಡತ ತೆರೆದು ನೋಡಬಹುದು. ಲೆಮ್ಮಾಯಿಯ ಕಡತಗಳು ಹಿಂದಿನ ಚಂಡಮಾರುತದಲ್ಲೇ ಸಮುದ್ರದ ಪಾಲಾಗಿದ್ದವು. ಉಳಿದದ್ದು ಈ ಗೋಡೆ ಮಾತ್ರ. ಪ್ರತಿ ಮೇಯರ್ ಚುನಾವಣೆಯಲ್ಲೂ ಗೆದ್ದವರು ಅದಕ್ಕೆ ತಮ್ಮ ಪಕ್ಷದ ಬಣ್ಣ ಬಳಿಸುತ್ತಿದ್ದರು: ಕೆಂಪು, ಇಲ್ಲವೇ ನೀಲಿ, ನಡುವೆ ಒಂದು ಕೈ ಸುಣ್ಣ. ಬಳಿಯುವವನು ಯಾವಾಗಲೂ ಇಗ್ನಾಸಿಯೊ.

ಇಗ್ನಾಸಿಯೊ ಹುಟ್ಟಾ ಕೆಂಪು. ಅವನ ಹೆಂಡತಿ ಎಂಗ್ರಾಸಿಯಾಳ ಅಣ್ಣ ಫೆಲಿಸ್‌ಬರ್ಟೊ ಕಡು ನೀಲಿ. ಐವತ್ತು ವರ್ಷಗಳಿಂದ ಇಬ್ಬರೂ ನಿಂಬೆರಸ, ತೆಂಗಿನತುರಿ ಕಲಸಿದ ಕೋಳಿ ಕೆಲಗೆನ್ ಅನ್ನು ಒಂದೇ ಬಟ್ಟಲಿನಿಂದ ತಿನ್ನುತ್ತಾ ಒಂದೇ ಜಗಳ ಆಡುತ್ತಿದ್ದರು.

"ಊರನ್ನ ಜಾಸ್ತಿ ಸಲ ಆಳಿದ್ದು ನಾವು ಭಾವ," ಎಂದ ಫೆಲಿಸ್‌ಬರ್ಟೊ. "ಗೋಡೆನೇ ಬಾಯ್ಬಿಟ್ಟಿದೆ, ಕೆರೆದು ನೋಡೋಣ."

"ಕೆರೆಯೋಣ. ಸೋತೋನು ಭಾನುವಾರ ಊರ ಹಬ್ಬದಲ್ಲಿ ಗೆದ್ದೋನ ಬಣ್ಣದ ಅಂಗಿ ಹಾಕ್ಕೊಂಡು ಎಲ್ಲರಿಗೂ ಹಬ್ಬದ ಕೆಂಪು ಅನ್ನ ಬಡಿಸ್ಬೇಕು. ಒಪ್ಪಿಗೆನಾ?"

"ಅನ್ನ ಕೆಂಪು, ಬಡಿಸೋನು ನೀಲಿ. ಚೆನ್ನಾಗಿರತ್ತೆ!"

ಬೆಳಿಗ್ಗೆ ಅರ್ಧ ಊರು ನೆರೆಯಿತು. ಇಗ್ನಾಸಿಯೊ ಕೆರೆಯುತ್ತಾ ಹೋದ, ಫೆಲಿಸ್‌ಬರ್ಟೊ ಕಂಡ ಬಣ್ಣವನ್ನು ಕೂಗಿ ಎಣಿಸುತ್ತಾ ಹೋದ. ಕೊನೆಗೆ ಸಿಮೆಂಟ್ ಕಂಡಿತು. ಕೆಂಪು ಆರು, ನೀಲಿ ಏಳು.

ಆಗಿದ್ದ ಚುನಾವಣೆಗಳು ಹನ್ನೆರಡೇ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಇಗ್ನಾಸಿಯೊನಿಗೆ ಮಾತ್ರ ತಾನೇ ಮರೆತಿದ್ದ ಗುಟ್ಟು ನೆನಪಾಯಿತು. ಕೆಳಗಿನಿಂದ ಐದನೆಯ ಪದರ, ಆ ನೀಲಿ, ಸುಳ್ಳು.

ಆ ವರ್ಷ ಅವನ ತಾಯಿ ತೀರಿಕೊಂಡಿದ್ದಳು. ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆಗೆ ಕೆಂಪು ಪಕ್ಷದ ಅಭ್ಯರ್ಥಿ ಕೊನೆಯ ದಿನ ಬಂದು, ಹೊಟ್ಟೆ ತುಂಬ ತಿಂದು, ಎರಡು ತಟ್ಟೆ ಕಟ್ಟಿಸಿಕೊಂಡು ಹೋದ. ನೀಲಿ ಪಕ್ಷದ ಅಭ್ಯರ್ಥಿ ಮಾನ್ವೆಲ್ ಒಂಬತ್ತು ದಿನವೂ ಬಂದ, ಭಾಷಣ ಬಿಗಿಯಲಿಲ್ಲ, ಹಿತ್ತಲಲ್ಲಿ ಕೂತು ಪಾತ್ರೆ ತೊಳೆದ. ಇಗ್ನಾಸಿಯೊ ತುಟಿ ಪಿಟಕ್ಕೆನ್ನದೆ ಹೋಗಿ ನೀಲಿಗೆ ವೋಟು ಹಾಕಿದ. ತಾನೇ ಹಾಕಿದ ಮೇಲೆ ಇನ್ನು ಸೋಲುವುದುಂಟೇ ಎಂದು ಎಣಿಕೆಗೂ ಮೊದಲೇ ಕತ್ತಲಲ್ಲಿ ಗೋಡೆಗೆ ನೀಲಿ ಬಳಿದ. ಗೆದ್ದದ್ದು ಕೆಂಪು, ಹನ್ನೊಂದು ವೋಟಿನಿಂದ. ಮರುದಿನ ಜನ ಏಳುವ ಮೊದಲೇ ಸುಣ್ಣ ಹೊಡೆದು ಕೆಂಪು ಬಳಿದು ಏನೂ ಅರಿಯದವನಂತೆ ಕೂತಿದ್ದ.

ಈಗ ಬಾಯಿ ಬಿಟ್ಟರೆ ಆರಕ್ಕೆ ಆರು, ಸಮ ಸಮ. ಆದರೆ ಎಣಿಕೆಗೆ ಮೊದಲು ನೀಲಿ ಯಾಕೆ ಬಳಿದೆ ಎಂದು ಕೇಳದೆ ಬಿಡುವ ಊರೇ ಇದು?

"ಏನ್ ಭಾವ, ಒಪ್ಕೋತೀಯಾ?" ಎಂದ ಫೆಲಿಸ್‌ಬರ್ಟೊ.

"ಸೋತೆ. ಬಿಡು," ಎಂದ ಇಗ್ನಾಸಿಯೊ. ಅಂಗಿ ಒಂದು ದಿನದ ಮಾತು, ಹೆಸರು ಹಾಗಲ್ಲ.

ಊರಿಗೆ ಊರೇ ಚಪ್ಪಾಳೆ ತಟ್ಟಿತು. "ನೀಲಿ ಅಂಗಿ ನಾನೇ ಕೊಡಿಸ್ತೀನಿ, ಅಳತೆ ಹೇಳು," ಎಂದ ಫೆಲಿಸ್‌ಬರ್ಟೊ.

"ಕೊಡಿಸೋದ್ಯಾಕಣ್ಣ, ಮನೇಲೇ ಇದೆಯಲ್ಲ," ಎಂದಳು ಎಂಗ್ರಾಸಿಯಾ. ಎದುರಿಗೇ ಇದ್ದ ತಮ್ಮ ಮನೆಗೆ ಹೋಗಿ ಪೆಟ್ಟಿಗೆಯಿಂದ ತಂದು ಕೊಡವಿದಳು. ಎದೆಯ ಮೇಲೆ ದಪ್ಪಕ್ಷರದಲ್ಲಿ 'ಮಾನ್ವೆಲ್‌ಗೇ ಮತ ಕೊಡಿ'. "ರೀ, ಅತ್ತೆ ತೀರಿಕೊಂಡ ವರ್ಷ ವೋಟ್ ಹಾಕೋಕೆ ಹೋಗುವಾಗ ಕೆಂಪಂಗಿ ಒಳಗೆ ಹಾಕ್ಕೊಂಡಿದ್ರಲ್ಲ, ಇದೇ. ಒಗೆದು ಇಟ್ಟಿದ್ದೆ."

ಫೆಲಿಸ್‌ಬರ್ಟೊ ಅಂಗಿಯನ್ನು ನೋಡಿದ, ಗೋಡೆಯನ್ನು ನೋಡಿದ, ಭಾವನನ್ನು ನೋಡಿದ. ಆಮೇಲೆ ನಗು ತಡೆಯಲಾಗದೆ ತಂಗುದಾಣದ ಬೆಂಚಿನ ಮೇಲೆ ಉರುಳಿದ.

"ಹಂಗಾದ್ರೆ ಆ ಐದನೇ ಪದರ ಲೆಕ್ಕಕ್ಕಿಲ್ಲ!" ಇಗ್ನಾಸಿಯೊ ಚೀರಿದ. "ಎಣಿಕೆಗೆ ಮುಂಚೆ ಬಳಿದದ್ದು! ಸಮ ಸಮ!"

"ಅಂಗಿ ಹಾಕ್ಕೊ ಭಾವ, ಆಮೇಲೆ ಲೆಕ್ಕ."

ಭಾನುವಾರ ಅವನು ಬಡಿಸಿದ. ಅಂಗಿ ಹೊಕ್ಕಳಿನವರೆಗೂ ಇಳಿಯಲಿಲ್ಲ, ಮಕ್ಕಳು ಕಿಸಕ್ಕೆಂದರು. ಇಗ್ನಾಸಿಯೊನಿಗೆ ನಾಚಿಕೆಯಾಯಿತು, ಆದರೆ ಅವನು ಹೆದರಿದಷ್ಟಲ್ಲ. ಬೆನ್ನು ಬಾಗಿದ ಮುದುಕ ಮಾನ್ವೆಲ್ ಸಾಲಿನಲ್ಲಿ ತಟ್ಟೆ ಹಿಡಿದು ಬಂದು, ಅವನ ಎದೆಯ ಮೇಲೆ ತನ್ನ ಹೆಸರನ್ನು ಎರಡು ಸಲ ಓದಿದ. ಇಗ್ನಾಸಿಯೊ ಅವನಿಗೆ ಒಂದು ಸೌಟು ಹೆಚ್ಚಿಗೆ ಹಾಕಿ, ಊಟವಾದ ಮೇಲೆ ಅವನ ತಟ್ಟೆಯನ್ನು ತಾನೇ ತೊಳೆದ.