ಹದಿನಾಲ್ಕು ಮಂದಿಯ ಒಂದೇ ಉತ್ತರ

ನನಗೆ ಅನುಮಾನ ಜಾಸ್ತಿ. ಹಾಲಿನವನು ಬೆಳಿಗ್ಗೆ ನಕ್ಕರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾನೆ ಅಂದುಕೊಳ್ಳುವವಳು ನಾನು. ಹಾಗಾಗಿ 2018ರ ಆಗಸ್ಟಿನಲ್ಲಿ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದವರು ಸಂಶೋಧನಾ ವಿದ್ಯಾರ್ಥಿಗಳಿಗೆಂದು ಆರು ದಿನದ ಆನ್‌ಲೈನ್ ಕಾರ್ಯಾಗಾರ ಇಟ್ಟು, ಮೊದಲ ದಿನವೇ "ಸಂಶೋಧಕರು ಯಾವುದನ್ನೂ ಕಣ್ಣು ಮುಚ್ಚಿ ನಂಬಬಾರದು" ಅಂದಾಗ ನನಗೆ ಖುಷಿಯೇ ಆಯಿತು. ಕೊನೆಗೂ ನನ್ನ ಕೆಟ್ಟ ಗುಣಕ್ಕೊಂದು ಮರ್ಯಾದೆ ಸಿಕ್ಕಿತ್ತು.

ಎಂ.ಫಿಲ್.ಗೆ ನಾನು ತೆಗೆದುಕೊಂಡಿದ್ದ ವಿಷಯ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಆರೋಗ್ಯ. ಮೂವತ್ತು ಹೆಂಗಸರನ್ನು ಮಾತಾಡಿಸಿ, ಉತ್ತರ ಬರೆದುಕೊಂಡು, ತಿಂಗಳ ಕೊನೆಯೊಳಗೆ ನನ್ನ ಮಾರ್ಗದರ್ಶಕರಿಗೆ ಕೊಡಬೇಕು. ಕೊಡದಿದ್ದರೆ ಒಂದು ವರ್ಷ ಹಾಳು. ನನಗೆ ಹೆದರಿಕೆ ಇರಲಿಲ್ಲ. ನನ್ನ ಆಯಿ ಜನಾಬಾಯಿ ಮೂವತ್ತು ವರ್ಷದಿಂದ ಬೀಡಿ ಕಟ್ಟುವವಳು, ಗಲ್ಲಿಯ ಹೆಂಗಸರೆಲ್ಲ ಅವಳ ಜೊತೆಯವರು. ಜನಾಬಾಯಿಯ ಮಗಳು ನೀಲಮ ಬಂದಳು ಅಂದರೆ ಯಾರಾದರೂ ಬೆನ್ನು ತಿರುಗಿಸುತ್ತಾರೆಯೇ?

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಾರ್ಯಾಗಾರ. ಇಯರ್‌ಫೋನ್ ಕೆಟ್ಟಿದ್ದರಿಂದ ಮೊಬೈಲನ್ನು ಜೋರಾಗಿಯೇ ಹಚ್ಚಿ ಗೋಡೆಗೆ ಒರಗಿಸುತ್ತಿದ್ದೆ. ಇರುವುದೊಂದೇ ಕೋಣೆ. ಆಯಿ ಆ ಕಡೆ ಮೊರದ ಮುಂದೆ ಕುಳಿತು ಎಲೆ ಕತ್ತರಿಸುತ್ತ, ತಂಬಾಕು ತುಂಬಿ ಸುತ್ತುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಯಿ ಶಾಲೆಯ ಮುಖ ನೋಡಿದವಳಲ್ಲ, ಆದರೂ ಮಗಳ ಪಾಠಕ್ಕೆ ತಲೆದೂಗುತ್ತಿದ್ದಳು.

ಮೊದಲ ಎರಡು ದಿನ ಎಂಟು ಮಂದಿಯ ಮಾತು ಬರೆದುಕೊಂಡೆ. ಕೆಮ್ಮು, ಸೊಂಟ, ಕಣ್ಣು, ಮುಟ್ಟಿನ ತೊಂದರೆ, ಕೇಳದ್ದನ್ನೂ ಹೇಳಿದರು. ಮೂರನೆಯ ದಿನದಿಂದ ಏನಾಯಿತೋ ಏನೋ. ನಾನು ಹೋದೊಡನೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ನನ್ನ ಮೊದಲ ಪ್ರಶ್ನೆ ಮುಗಿಯುವ ಮುಂಚೆಯೇ ಹೇಳುತ್ತಿದ್ದರು, "ಏನೂ ತ್ರಾಸಿಲ್ಲವ್ವಾ, ಛಲೋ ಅದೇನಿ."

ಒಬ್ಬಿಬ್ಬರಲ್ಲ, ಹದಿನಾಲ್ಕು ಮಂದಿ. ಅದೇ ಮಾತು, ಅದೇ ಧಾಟಿ. ಒಬ್ಬಳಂತೂ ಮೊಣಕಾಲು ಹಿಡಿದುಕೊಂಡು, ಗೋಡೆ ಆಸರೆಯಿಂದ ಎದ್ದು ನಿಂತು ಛಲೋ ಅದೇನಿ ಅಂದಳು. ನಾಲ್ಕನೆಯ ದಿನ ಕಾರ್ಯಾಗಾರದಲ್ಲಿ ಮಾಹಿತಿ ಸಂಗ್ರಹದ ಪಾಠ. "ಎಲ್ಲರ ಉತ್ತರವೂ ಒಂದೇ ಆಗಿದ್ದರೆ ಅದರ ಹಿಂದೆ ಯಾರೋ ಇದ್ದಾರೆ ಎಂದು ತಿಳಿಯಿರಿ" ಅಂದರು ಮೇಡಂ. ನನ್ನ ಮೈಯೆಲ್ಲ ಉರಿಯಿತು. ಯಾರೋ ಇವರಿಗೆ ಬಾಯಿಪಾಠ ಮಾಡಿಸಿದ್ದಾರೆ.

ಮೊದಲು ನೆನಪಾದವನು ಅಣ್ಣಾಸಾಬ. ಮನೆಮನೆಗೆ ಎಲೆ, ತಂಬಾಕು ಹಂಚಿ, ಕಟ್ಟಿದ ಬೀಡಿ ಒಯ್ಯುವ ಗುಮಾಸ್ತ. ಹೆಂಗಸರ ಕಾಯಿಲೆ ಕಾಗದದ ಮೇಲೆ ಬಂದರೆ ಕಸಿವಿಸಿಯಾಗುವುದು ಇಂಥವನಿಗೇ. ಸೈಕಲ್ ಅಡ್ಡಗಟ್ಟಿ ಕೇಳಿದೆ.

"ನಾ ಯಾಕ ಹೇಳ್ಲಿ ಬೇ? ನನ್ನ ಮಾತ ಕೇಳಿದ್ರ ಬೀಡಿ ಬಿಗಿ ಕಟ್ಟತಿದ್ರು" ಎಂದು ನಕ್ಕ. ನಗು ಸ್ವಲ್ಪ ಉದ್ದವಾಯಿತು ಅನಿಸಿತು. ಆದರೆ ಅವನ ಮಾತಿನಲ್ಲಿ ಹುರುಳಿತ್ತು. ಈ ಹೆಂಗಸರು ಅವನ ಮಾತು ಕೇಳುವವರಲ್ಲ.

ಅವರು ಕೇಳುವುದು ಶೇವಂತಾ ಮಾವಶಿಯ ಮಾತು. ಆಯಿಯ ಗೆಳತಿ, ನನಗೆ ಚಿಕ್ಕಮ್ಮನ ಹಾಗೆ, ಬಾಯಿ ಜೋರು. ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದವಳನ್ನು ಹಿಡಿದೆ. "ಮಾವಶಿ, ಖರೇ ಹೇಳು. ನನಗ ಯಾರೂ ಏನೂ ಹೇಳಬಾರದು ಅಂತ ನೀನ ಹೇಳೀಯೋ ಇಲ್ಲೋ?"

"ಹೇಳೇನಿ" ಅಂದಳು, ಕಣ್ಣು ತಪ್ಪಿಸದೆ. "ನಮ್ಮ ಆಧಾರ ಕಾರ್ಡೆಲ್ಲಾ ನಿನ್ನ ಕಡೆ ಅದಾವು. ನನಗ ಕೆಮ್ಮ ಐತಿ ಅಂದ್ರ ನಂಬರ್ ಹಚ್ಚಿ ಮ್ಯಾಲ ಕಳಸ್ತಿ. ನಾಳೆ ರೋಗಿಷ್ಟ ಹೆಂಗಸು ಅಂತ ಎಲಿ ಕೊಡೂದ ಬಂದ ಮಾಡಿದ್ರ ಹೊಟ್ಟಿಗೆ ಏನ ತಿನ್ನೂಣು?"

"ನನ್ನ ಕಡೆ ಯಾರ ಕಾರ್ಡೂ ಇಲ್ಲ."

"ನಿಮ್ಮ ಆಯಿ ಇಸಗೊಂಡ ಹೋಗ್ಯಾಳ, ಝೆರಾಕ್ಸು. ಜನಾಕ್ಕ ಕೇಳಿದ್ರ ಇಲ್ಲ ಅನ್ನಾಕ ಆಕ್ಕೈತೇನ? ಕೊಟ್ಟ ಮ್ಯಾಲ ನಮಗ ಬುದ್ಧಿ ಬಂತು."

ನನಗೆ ಒಂದು ಕ್ಷಣ ಆಯಿಯ ಮೇಲೂ ಅನುಮಾನ ಬಂತು. ಸುಳ್ಳು ಹೇಳಬಾರದು, ಬಂತು. ಯಾವುದೋ ಸಂಘದವರು, ಯಾವುದೋ ಯೋಜನೆಯವರು ಅವಳನ್ನು ಹಿಡಿದಿದ್ದಾರೆ ಅಂದುಕೊಂಡೇ ಮನೆಗೆ ಬಂದೆ.

ಕೇಳಿದ ಕೂಡಲೇ ಆಯಿಯ ಮುಖ ಅರಳಿತು. ಟ್ರಂಕಿನಿಂದ ಸೀರೆ ಅಂಗಡಿಯ ಚೀಲ ತೆಗೆದಳು. ಒಳಗೆ ಮೂವತ್ತು ಆಧಾರ್ ಕಾರ್ಡಿನ ಝೆರಾಕ್ಸು, ಒಂದರ ಮೂಲೆಯೂ ಮಡಚಿರಲಿಲ್ಲ.

"ಎಲ್ಲಾ ಆದ ಮ್ಯಾಲ ಒಮ್ಮೆ ಕೊಡೂಣು ಅಂತ ಇಟ್ಟಿದ್ದೆ. ಮೊಬೈಲ್‌ದಾಗಿನ ಮೇಡಂ ಬಾಯಾರು ಹೇಳಿದ್ರಲ್ಲ, ಆಧಾರ ಇಲ್ಲದ ಯಾರ ಮಾತೂ ಬರೀಬ್ಯಾಡ್ರಿ ಅಂತ. ನೀ ನೋಡಿದ್ರ ಬರೇ ಮಾತ ಬರಕೊಂಡ ಬರಾಕತ್ತಿದ್ದಿ. ಒಬ್ಬರ ಕಾರ್ಡೂ ತಂದಿದ್ದಿಲ್ಲ. ನಪಾಸ ಆಗ್ತಿ ಅಂತ ನನಗ ಜೀವ ಹಾರಿತು."

ಎರಡನೆಯ ದಿನದ ಪಾಠ ಅದು. ಬರೆದ ಮಾತನ್ನು ಯಾವ ಪುಸ್ತಕದಿಂದ, ಯಾರಿಂದ ತೆಗೆದುಕೊಂಡಿರಿ ಎಂದು ತೋರಿಸಬೇಕು, ಅದೇ ಆಧಾರ ಅಂತ ಮೇಡಂ ಹತ್ತು ಸಲ ಹೇಳಿದ್ದರು. ನಮ್ಮ ಗಲ್ಲಿಯಲ್ಲಿ ಆಧಾರ ಅಂದರೆ ಇರುವುದು ಒಂದೇ. ರೇಷನ್ನಿಗೆ, ಗ್ಯಾಸಿಗೆ, ಆಸ್ಪತ್ರೆಗೆ, ಬಾಗಿಲಿಗೆ ಬಂದವರೆಲ್ಲ ಮೊದಲು ಕೇಳುವುದು ಅದನ್ನೇ.

ನಗು ಬರಬೇಕಿತ್ತು. ಸಿಟ್ಟು ಬಂತು. "ತಿಳೀಲಾರದ್ದಕ್ಕ ಯಾಕ ಕೈ ಹಾಕ್ತಿ ಆಯಿ?" ಎಂದು ಕೂಗಾಡಿದೆ. ಅವಳ ಮುಖ ಸಣ್ಣಗಾಯಿತು. ಚೀಲವನ್ನು ನನ್ನ ಮುಂದಿಟ್ಟು ಮೊರದ ಹತ್ತಿರ ಹೋಗಿ ಕುಳಿತಳು.

ಐದನೆಯ ದಿನ ಸಂಶೋಧಕರ ಸ್ವಾಸ್ಥ್ಯದ ಪಾಠವಿತ್ತು. ಕಣ್ಣು ಮುಚ್ಚಿ, ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಿ, ಒತ್ತಡವನ್ನೆಲ್ಲ ಹೊರಗೆ ಬಿಡಿ ಅಂದರು. ಎರಡು ಸಲ ಎಳೆದೆ, ಮೂರನೆಯ ಸಲಕ್ಕೆ ಮೊಬೈಲ್ ಆರಿಸಿದೆ.

ಸಂಜೆ ಗಲ್ಲಿಯ ಬುದ್ಧವಿಹಾರದ ಅಂಗಳಕ್ಕೆ ಎಲ್ಲರನ್ನೂ ಕರೆದೆ. ನನ್ನ ಯೋಚನೆ ಸರಳವಾಗಿತ್ತು. ಆಯಿ ತಪ್ಪು ತಿಳಿದುಕೊಂಡಳು ಎಂದು ಹೇಳಿ, ಝೆರಾಕ್ಸು ವಾಪಸು ಕೊಟ್ಟು, ಎಲ್ಲರೂ ಒಮ್ಮೆ ನಕ್ಕರೆ ಮತ್ತೆ ಮಾತು ಶುರುವಾಗುತ್ತದೆ. ತಿಂಗಳ ಕೊನೆಗೆ ಎಂಟು ದಿನ ಉಳಿದಿತ್ತು, ಸಾಕಿತ್ತು.

ಎಲ್ಲರೂ ಬಂದು ಕುಳಿತರು. ಆಯಿ ಕಂಬದ ಹತ್ತಿರ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶೇವಂತಾ ಮಾವಶಿ ಕೇಳಿದಳು, "ಈಗ ಹೇಳು. ಕಾರ್ಡ ಇಸಗೊಂಡ ಬಾ ಅಂತ ಜನಾಕ್ಕಗ ಹೇಳಿದವರ್ಯಾರು?"

ನಮ್ಮ ಗಲ್ಲಿಯಲ್ಲಿ ಅಡ್ಡಹೆಸರು ಬಿದ್ದರೆ ಸತ್ತ ಮೇಲೂ ಹೋಗುವುದಿಲ್ಲ. ಯಾರ ಮನೆಯಲ್ಲಿ ಜಗಳವಾದರೂ ಜನಾಕ್ಕನನ್ನು ಕರೀರಿ ಅನ್ನುತ್ತಿದ್ದ ಹೆಂಗಸರು ನಾಳೆಯಿಂದ ಅವಳನ್ನು ನೋಡಿ ಮುಸಿಮುಸಿ ನಗುತ್ತಾರೆ. ಆಯಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಡ ಅನ್ನುವಂತೆಯೂ ಇರಲಿಲ್ಲ, ಹೇಳು ಅನ್ನುವಂತೆಯೂ ಇರಲಿಲ್ಲ.

"ನಾನ ಹೇಳಿದ್ದೆ" ಅಂದೆ. "ತಪ್ಪಾತು. ಆಯಿಗೆ ಏನೂ ಗೊತ್ತಿದ್ದಿಲ್ಲ."

"ಅಂದುಕೊಂಡಿದ್ದೆ" ಅಂದಳು ಮಾವಶಿ. ಒಬ್ಬೊಬ್ಬರೇ ಬಂದು, ಫೋಟೋ ನೋಡಿ, ತಮ್ಮ ತಮ್ಮ ಕಾಗದ ತೆಗೆದುಕೊಂಡರು. ಮೊದಲು ಮಾತಾಡಿದ್ದ ಎಂಟು ಮಂದಿ, ತಾವು ಹೇಳಿದ್ದನ್ನೂ ಕೊಡು ಅಂದರು. ಬರೆದ ಹಾಳೆಗಳನ್ನೂ ಕೊಟ್ಟೆ. ಅವರ ಮಾತು, ಅವರು ಕೇಳಿದ ಮೇಲೆ ಇಟ್ಟುಕೊಳ್ಳುವುದು ಹೇಗೆ? ಮನೆಗೆ ಬರುವಾಗ ನನ್ನ ಕೈಯಲ್ಲಿ ಖಾಲಿ ಚೀಲವಿತ್ತು.

ಆಯಿ ಮೊರವನ್ನು ಮುಂದಕ್ಕೆ ಎಳೆದುಕೊಂಡು, "ನನ್ನ ಕೇಳು" ಅಂದಳು. "ನಾನೂ ಬೀಡಿ ಕಟ್ಟಾಕಿನ ಅಲ್ಲನು?"

ಮನೆಯವರ ಉತ್ತರ ತೆಗೆದುಕೊಳ್ಳಬಾರದು, ಅದರಲ್ಲಿ ಪಕ್ಷಪಾತ ಇರುತ್ತದೆ ಎಂದು ನಾಲ್ಕನೆಯ ದಿನ ಕಲಿಸಿದ್ದರು. ಅವಳಿಗೆ ಮತ್ತೊಮ್ಮೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಳೆ ತೆಗೆದು ಪ್ರಶ್ನೆ ಓದಿದೆ. ನಿಮ್ಮ ದೇಹದಲ್ಲಿ ಏನಾದರೂ ತೊಂದರೆ ಇದೆಯೇ?

"ಬೆರಳ ತುದಿ ಗೊತ್ತಾಗಾಂಗಿಲ್ಲ. ಎರಡ ವರ್ಷ ಆತು. ಬೀಡಿ ಹೆಂಗೋ ರೂಢಿ ಮ್ಯಾಲ ಕಟ್ಟತಾವು. ಜಂಪರಿನ ಹುಕ್ಕ ಹಾಕಾಕ ಬರಾಂಗಿಲ್ಲ, ದಿನಾ ಶೇವಂತಾನ ಬಂದು ಹಾಕಿ ಹೋಗ್ತಾಳ."

ನನ್ನ ಪೆನ್ನು ನಿಂತಿತು. ಎರಡು ವರ್ಷ, ಒಂದೇ ಕೋಣೆ. ಹಾಳೆಯಲ್ಲಿ ಅಚ್ಚಾಗಿದ್ದ ಮುಂದಿನ ಪ್ರಶ್ನೆಯನ್ನೇ ಓದಿದೆ. ಈ ತೊಂದರೆಯನ್ನು ಇದಕ್ಕೂ ಮುಂಚೆ ಯಾರಿಗಾದರೂ ಹೇಳಿದ್ದೀರಾ?

ಆಯಿ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಯಾರ ಕೇಳಿದ್ರು, ನೀಲು?"