ದೊಡ್ಡಕ್ಕ ನೋಡಿದ ಹಲ್ಲುಗಳು

ಮೇಲಿನ ಮಹಡಿಯಲ್ಲಿ ಡಾಕ್ಟರು ಹಲ್ಲು ಕೀಳುತ್ತಿದ್ದರು. ಕೆಳಗಿನ ನೆಲಮಾಳಿಗೆಯಲ್ಲಿ ನಾಲ್ವರು ಹಲ್ಲು ಕಟ್ಟುತ್ತಿದ್ದರು. ಉದ್ದನೆಯ ಆ ಕೋಣೆಯಲ್ಲಿ ಮೇಜುಗಳನ್ನು ಕೆಲಸದ ಕ್ರಮದಲ್ಲಿಯೇ ಇರಿಸಲಾಗಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ರೋಗಿಯ ಬಾಯಿಯಿಂದ ತೆಗೆದ ಅಚ್ಚಿಗೆ ಪ್ಲಾಸ್ಟರ್ ಸುರಿದು ಒಸಡಿನ ಪ್ರತಿರೂಪವನ್ನು ಪಡೆಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಆ ಪ್ರತಿರೂಪದ ಮೇಲೆ ಮೇಣ ಹಚ್ಚಿ, ಮೇಣದಲ್ಲಿ ಒಂದೊಂದೇ ಹಲ್ಲನ್ನು ನೆಡುತ್ತಿದ್ದರು. ಅನಂತರ ಮೇಣವನ್ನು ಕರಗಿಸಿ ತೆಗೆದು, ಅದರ ಜಾಗದಲ್ಲಿ ಒಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಗಟ್ಟಿ ಮಾಡಿ, ಕಿಟಕಿಯ ಬಳಿಯ ಕೊನೆಯ ಮೇಜಿನಲ್ಲಿ ಉಜ್ಜಿ ಹೊಳಪು ಕೊಡುತ್ತಿದ್ದರು. ಇವೆಲ್ಲದರ ನಡುವೆ, ಎತ್ತ ತಿರುಗಿದರೂ ಕಣ್ಣಿಗೆ ಬೀಳುವಂತೆ, ದೊಡ್ಡಕ್ಕನ ಮೇಜಿತ್ತು.

ದೊಡ್ಡಕ್ಕ ವಯಸ್ಸಿನಲ್ಲಿ ಯಾರಿಗೂ ದೊಡ್ಡವಳಲ್ಲ. ಆ ಕುರ್ಚಿಗೆ ಬಂದ ದಿನದಿಂದ ಹೆಸರು ಅಂಟಿಕೊಂಡಿತ್ತು, ಅಷ್ಟೇ. ಪ್ಲಾಸ್ಟರ್ ಕಲಸುವ ಗಾರೆಮಾವ ಅವಳ ತಂದೆಯ ವಯಸ್ಸಿನವರು. ಹುಬ್ಬಿನ ಮೇಲೆ ಸದಾ ಬಿಳಿ ಪುಡಿ ಕೂತಿರುತ್ತಿದ್ದುದರಿಂದ ಆ ಅಡ್ಡಹೆಸರು. ಹಲ್ಲುಗಳನ್ನು ಮುತ್ತಿನಂತೆ ಜೋಡಿಸುವವಳು ಮುತ್ತಮ್ಮ. ಎರಡು ಮಾತಿನ ಕಡೆ ಒಂದರಲ್ಲೇ ಮುಗಿಸುವ ಹೆಂಗಸು. ಪಾಲಿಶ್ ಮಾಡುವವಳು ದೊಡ್ಡಕ್ಕನ ಸ್ವಂತ ಅಣ್ಣನ ಹೆಂಡತಿ. ಮನೆಯಲ್ಲಿ "ಏನೇ" ಎನ್ನುವ ಅತ್ತಿಗೆ ಇಲ್ಲಿ ಎಲ್ಲರಂತೆ "ದೊಡ್ಡಕ್ಕ" ಎನ್ನುತ್ತಿದ್ದಳು. ಆದರೆ ಹಾಗೆನ್ನುವಾಗಲೆಲ್ಲ ಅವಳ ತುಟಿಯ ಒಂದು ಕೊನೆ ಮೇಲೆ ಹೋಗುತ್ತಿತ್ತು.

ಈ ಕೋಣೆಗೆ ಒಂದು ಪದ್ಧತಿಯಿತ್ತು. ಯಾವ ಮೇಜಿನಿಂದ ಯಾವ ವಸ್ತು ಮುಂದಕ್ಕೆ ಹೋಗಬೇಕಾದರೂ ಅದು ಮೊದಲು ದೊಡ್ಡಕ್ಕನ ಕೈಗೆ ಬರಬೇಕು. ಅವಳು ಅದನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಉಗುರಿನಿಂದ ಗೀರಿ, "ಇಲ್ಲೊಂದು ಚೂರು ನೋಡಿ" ಎನ್ನುತ್ತಿದ್ದಳು. ತಂದವರು ಹಿಂದಿರುಗಿ, ಆ ಚೂರನ್ನು ನೋಡಿ, ಮತ್ತೆ ತರುತ್ತಿದ್ದರು. "ಹಾಂ, ಈಗ ಸರಿಹೋಯ್ತು" ಎಂದ ಮೇಲೆಯೇ ವಸ್ತುವಿಗೆ ಮುಂದಿನ ದಾರಿ. ಪ್ರೀತಿಯಿಲ್ಲದೆ ಮಾಡಿದ ಪದ್ಧತಿಯಲ್ಲ ಅದು. ತನ್ನವರ ಕೈಯಿಂದ ಹೋದ ಹಲ್ಲನ್ನು ಯಾರೂ ಬೆರಳು ತೋರಿಸಿ ಆಡಿಕೊಳ್ಳಬಾರದು ಎಂಬುದು ಅವಳ ಹಟವಾಗಿತ್ತು.

ಆ ವಾರದ ಮೊದಲಲ್ಲಿ ಡಾಕ್ಟರು ಅವಳನ್ನು ಮೇಲಕ್ಕೆ ಕರೆಸಿದರು.

"ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರಲ್ಲ, ನಮ್ಮಲ್ಲಿ ಬರೋರು ಎರಡನೇ ಜಾತಿ ದೊಡ್ಡಕ್ಕ. ಕಡ್ಲೆ ಕೈಯಲ್ಲಿ ಹಿಡ್ಕೊಂಡೇ ಕಾಯ್ತಾ ಕೂತಿದ್ದಾರೆ. ನೀವು ಮಾಡೋ ಸೆಟ್ಟು ಚೆನ್ನಾಗಿರುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಬರೋದೇ ಇಲ್ವಲ್ಲ."

"ಇನ್ನೂ ಚುರುಕಾಗಿ ಮಾಡಿಸ್ತೀನಿ ಸರ್."

"ಶನಿವಾರದೊಳಗೆ ಬಾಕಿ ಎಲ್ಲಾ ಮೇಲೆ ಬರ್ಬೇಕು. ಇಲ್ಲಾಂದ್ರೆ ಕೆಲ್ಸ ಹೊರಗಡೆ ಕೊಡ್ತೀನಿ, ಕೆಳಗಿನ ಕೋಣೆ ಮುಚ್ತೀನಿ. ನಿಮ್ಮನ್ನ ಮೇಲೆ ಹಾಕ್ಕೋತೀನಿ, ಅದಕ್ಕೇನೂ ಯೋಚ್ನೆ ಬೇಡ. ಉಳಿದವ್ರಿಗೆ ಏನು ಮಾಡ್ಲಿ, ನೀವೇ ಹೇಳಿ."

ಮೆಟ್ಟಿಲಿಳಿದು ಬಂದ ದೊಡ್ಡಕ್ಕ ಆ ಮಾತಿನಲ್ಲಿ ಅರ್ಧವನ್ನು ನುಂಗಿ, ಶನಿವಾರದ ಗಡುವನ್ನು ಮಾತ್ರ ಎಲ್ಲರಿಗೂ ತಿಳಿಸಿದಳು. ಆಮೇಲೆ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದಳು. ಬೆಳಗ್ಗೆ ಎಲ್ಲರೂ ನಿಂತುಕೊಂಡೇ ಅಂದಿನ ಕೆಲಸದ ಬಗ್ಗೆ ಮಾತಾಡಬೇಕು ಎಂದಳು. ನಿಂತ ಗಾರೆಮಾವನ ಮಂಡಿ ಹಿಡಿದುಕೊಂಡು, ಅವರನ್ನು ಕೂರಿಸುವುದರಲ್ಲೇ ಅರ್ಧ ಬೆಳಗು ಕಳೆಯಿತು. ರೇಡಿಯೊ ನಿಲ್ಲಿಸಿದಳು, ಅತ್ತಿಗೆ ಸ್ವತಃ ಹಾಡತೊಡಗಿದ್ದರಿಂದ ಮರುದಿನ ರೇಡಿಯೊವನ್ನು ಮತ್ತೆ ಹಾಕಬೇಕಾಯಿತು. ಕೊನೆಗೆ, ಒಂದೂ ವಾಪಸು ಬರಬಾರದೆಂದು, ಒಂದು ಸಲ ನೋಡುವ ಕಡೆ ಎರಡು ಸಲ ನೋಡಲು ಆರಂಭಿಸಿದಳು. ಅವಳ ಮೇಜಿನ ಮುಂದಿನ ಸಾಲು ಇನ್ನಷ್ಟು ಉದ್ದವಾಯಿತು, ಅವಳ ತಲೆನೋವು ಕೂಡ.

ತಲೆನೋವು ತಾಳಲಾಗದೆ ಗುರುವಾರ ಬೆಳಗ್ಗೆ ಕಣ್ಣಿನ ವೈದ್ಯರ ಬಳಿಗೆ ಹೋದಳು. ಅವರು ಕಣ್ಣಿಗೆ ಹನಿ ಹಾಕಿ, ಒಳಗೆಲ್ಲ ಪರೀಕ್ಷಿಸಿ, "ಇವತ್ತು ಸಂಜೆವರೆಗೂ ಹತ್ತಿರದ್ದು ಮಂಜಾಗಿ ಕಾಣುತ್ತೆ, ದೂರದ್ದಕ್ಕೆ ತೊಂದ್ರೆ ಇಲ್ಲ. ಮನೆಗೆ ಹೋಗಿ ಸುಮ್ನೆ ಮಲಗಿ" ಎಂದರು. ಕಪ್ಪು ಕನ್ನಡಕ ಹಾಕಿಕೊಂಡ ದೊಡ್ಡಕ್ಕ ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಕೆಲಸದ ಕೋಣೆಗೆ ಬಂದಳು. ತಾನಿಲ್ಲದಿದ್ದರೆ ಇವರು ಕೈಕಾಲು ಆಡದೆ ಕೂತುಬಿಡುತ್ತಾರೆಂಬ ಕಳವಳ ಅವಳಿಗೆ.

"ಏನು ದೊಡ್ಡಕ್ಕ, ಸಿನಿಮಾದವ್ರ ಥರ ಬಂದ್ಬಿಟ್ರಿ?" ಎಂದಳು ಅತ್ತಿಗೆ.

"ಬಿಸಿಲು ಜಾಸ್ತಿ."

"ನೆಲಮಾಳಿಗೇಲಾ?"

ದೊಡ್ಡಕ್ಕ ಹೋಗಿ ಕುರ್ಚಿಯಲ್ಲಿ ಕುಳಿತಳು. ಮುತ್ತಮ್ಮ ಮೇಣದಲ್ಲಿ ನೆಟ್ಟ ಹಲ್ಲಿನ ಸಾಲೊಂದನ್ನು ತಂದು ಅವಳ ಅಂಗೈಯ ಮೇಲಿಟ್ಟಳು. ಕಂಡದ್ದು ಒಂದು ಗುಲಾಬಿ ಮೋಡ, ಅದರ ಅಂಚಿಗೆ ಒಂದು ಬಿಳಿ ಮೋಡ. ಆದರೂ ಅದನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಬೆರಳಾಡಿಸಿ, ಏನಾದರೂ ಹೇಳಲೇಬೇಕಲ್ಲ ಎಂದು, "ಎಡಗಡೆ ಒಂದು ಚೂರು ಎತ್ತರ ಇದೆ ನೋಡಿ" ಎಂದಳು.

ಮುತ್ತಮ್ಮ ತಲೆಯಾಡಿಸಿ ಹೊರಟಳು. ದೂರ ಹೋದಂತೆಲ್ಲ ಅವಳ ಆಕಾರ ನಿಚ್ಚಳವಾಗುತ್ತ ಬಂದು, ತನ್ನ ಮೇಜನ್ನು ಮುಟ್ಟುವಷ್ಟರಲ್ಲಿ ಬಳೆಯ ಗೀರುಗಳೂ ಕಾಣುವಷ್ಟು ಸ್ಪಷ್ಟವಾಗಿತ್ತು. ಕೈಯಲ್ಲಿ ಹಿಡಿದದ್ದು ಕಾಣದ ಕಾರಣ, ದೊಡ್ಡಕ್ಕ ಅಂದು ಮೊದಲ ಬಾರಿಗೆ ಕೋಣೆಯನ್ನು ನೋಡಿದಳು.

ಮುತ್ತಮ್ಮ ಹಲ್ಲಿನ ಸಾಲನ್ನು ಮೇಜಿನ ಮೇಲಿಟ್ಟಳು. ಮೇಣ ಕೆತ್ತುವ ಚಾಕುವನ್ನು ಮುಟ್ಟಲಿಲ್ಲ. ನೀರು ಕುಡಿದಳು. ಜಡೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕಿಟಕಿಯಾಚೆ ಹೋಗುತ್ತಿದ್ದವರ ಪಾದಗಳನ್ನು ಸ್ವಲ್ಪ ಹೊತ್ತು ನೋಡಿದಳು. ಬಳಿಕ ಅದೇ ಸಾಲನ್ನು, ಇದ್ದದ್ದು ಇದ್ದ ಹಾಗೆಯೇ, ಎತ್ತಿಕೊಂಡು ಬಂದು ಮುಂದಿಟ್ಟಳು.

ದೊಡ್ಡಕ್ಕನ ಬಾಯಿಯಿಂದ ಅಭ್ಯಾಸಬಲದಿಂದ "ಹಾಂ, ಈಗ ಸರಿಹೋಯ್ತು" ಎಂಬ ಮಾತು ಬಂದೇಬಿಟ್ಟಿತು.

ಅವಳು ತಲೆಯೆತ್ತಿ ಉಳಿದವರನ್ನು ನೋಡಿದಳು. ಗಾರೆಮಾವ ಗಟ್ಟಿಯಾದ ಪ್ರತಿರೂಪವನ್ನು ಕೈಯಲ್ಲಿ ಹಿಡಿದು, ಬಸ್ಸಿಗೆ ಕಾಯುವವರಂತೆ, ಸಾಲಿನಲ್ಲಿ ನಿಂತಿದ್ದರು. ಅವರ ಮೇಜಿನಲ್ಲಿ ಪ್ಲಾಸ್ಟರ್ ಕಲಸುವ ಬಟ್ಟಲು ಒಣಗಿತ್ತು. ಅವರ ಹಿಂದೆ ಅತ್ತಿಗೆ. ಅವಳ ಪಾಲಿಶ್ ಯಂತ್ರ ಯಾರೂ ಇಲ್ಲದೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಬಿಸಿನೀರಿನ ತೊಟ್ಟಿ ಹಬೆಯಾಡುತ್ತ ಖಾಲಿ ಕುಳಿತಿತ್ತು. ಸೋಮಾರಿತನದ ಲಕ್ಷಣ ಯಾರ ಮುಖದಲ್ಲಿಯೂ ಇರಲಿಲ್ಲ. ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು, ಅಷ್ಟೇ.

ಅವಳು ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಅತ್ತಿಗೆ, ಯಾವಾಗಿನಿಂದ ಇದು?"

"ಯಾವ್ದು?"

"ತಗೊಂಡು ಹೋಗಿ, ಸುಮ್ನೆ ಇಟ್ಟು, ಹಾಗೇ ವಾಪಸ್ ತರೋದು."

ಮುತ್ತಮ್ಮ ಗೋಡೆಯ ಕಡೆ ನೋಡಿದಳು. ಗಾರೆಮಾವ ಹುಬ್ಬಿನ ಪುಡಿ ಕೊಡವಿಕೊಂಡರು.

"ಬೇಜಾರು ಮಾಡ್ಕೋಬೇಡಮ್ಮ," ಎಂದರು ಅವರು. "ಮೊದಮೊದಲು ನೀನು ಹೇಳಿದ್ದನ್ನೆಲ್ಲ ತಿದ್ದುತ್ತಾ ಇದ್ವಿ. ನಿಜವಾಗ್ಲೂ ತಪ್ಪಿರ್ತಿತ್ತು ಆಗ. ಬರ್ತಾ ಬರ್ತಾ ಕೈ ಪಳಗಿತು. ಆಮೇಲೆ ನೀನು ಹೇಳೋ ಚೂರು ಎಷ್ಟು ಹುಡುಕಿದ್ರೂ ಸಿಗ್ತಿರ್ಲಿಲ್ಲ."

"ಹೇಳ್ಬಹುದಿತ್ತಲ್ಲ ಮಾವ?"

"ಒಂದ್ಸಲ ನಿನಗೆ ತೋರಿಸ್ದೆ ಮುಂದೆ ಕಳಿಸಿದ್ದೆ. ಅವತ್ತು ನೀನು ಊಟಾನೇ ಮಾಡ್ಲಿಲ್ಲ. ಡಬ್ಬಿ ತೆಗೆದು, ಮುಚ್ಚಿ, ಇಟ್ಬಿಟ್ಟೆ. ಆಮೇಲೆ ನನಗೆ ಮನಸ್ಸು ಬರ್ಲಿಲ್ಲ."

"ಇಷ್ಟು ಕಷ್ಟಪಟ್ಟು ನೋಡ್ತಾಳೆ, ನೋಡ್ಲಿ ಬಿಡು ಅಂತ," ಎಂದಳು ಅತ್ತಿಗೆ, ಮನೆಯ ದನಿಯಲ್ಲಿ. "ನಾವು ಕೇಳ್ದೆ ಹೋದ್ರೆ, ನನ್ನಿಂದೇನಾಗ್ಬೇಕು ಇವರಿಗೆ ಅಂತ ಒಳಗೊಳಗೇ ಕೊರಗ್ತೀಯ ನೀನು. ಗೊತ್ತಿಲ್ವಾ ನಂಗೆ? ಹೆಣ್ಣು ನೋಡಕ್ಕೆ ಬಂದಾಗಿಂದ ನೋಡ್ತಿದ್ದೀನಿ ನಿನ್ನ."

ದೊಡ್ಡಕ್ಕನಿಗೆ ನಗು ಬಂತೋ ಅಳು ಬಂತೋ ಹೇಳಲಾಗದು; ಹನಿ ಹಾಕಿದ ಕಣ್ಣುಗಳಾದ್ದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ನಾನು ನೋಡ್ದೆ ಇದ್ರೆ ನಿಮಗೆ ಧೈರ್ಯ ಸಾಲಲ್ಲ ಅಂತ ನಾನು ಅನ್ಕೊಂಡಿದ್ದೆ," ಎಂದಳು. "ತಲೆ ಸಿಡಿದು ಹೋಗ್ತಿದ್ರೂ ಕೂತಿದ್ದು ಅದಕ್ಕೇ."

ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ದಿನದಿನವೂ ಹೊತ್ತು ಹಾಳುಮಾಡಿಕೊಂಡಿದ್ದರು. ಬೇರೆ ಯಾವುದೇ ಕೋಣೆಯಲ್ಲಾಗಿದ್ದರೆ ಯಾರಾದರೊಬ್ಬರು ಎಂದೋ ಸಿಡುಕಿ ಈ ಗಂಟನ್ನು ಬಿಡಿಸಿಬಿಡುತ್ತಿದ್ದರು.

ಆಗ ದೊಡ್ಡಕ್ಕ ನುಂಗಿಕೊಂಡಿದ್ದ ಉಳಿದರ್ಧವನ್ನೂ ಹೇಳಿದಳು: ಶನಿವಾರ ತಪ್ಪಿದರೆ ಈ ಕೋಣೆಯಿಲ್ಲ, ತನಗೆ ಮೇಲೆ ಜಾಗವಿದೆ, ಅವರಿಗಿಲ್ಲ.

"ಅಂದ್ರೆ ನೀನೊಬ್ಳೇ ಮೆಟ್ಟಿಲು ಹತ್ತೋದು," ಎಂದಳು ಅತ್ತಿಗೆ. "ನಿಮ್ಮಣ್ಣನ ಮುಂದೆ ಅದನ್ನ ಹೇಳೋಕೆ ನಂಗಂತೂ ಆಗಲ್ಲ, ನೀನೇ ಹೇಳು."

"ಹತ್ತೋ ಆಸೆ ಇದ್ದಿದ್ರೆ ಈ ಕಣ್ಣಿಟ್ಕೊಂಡು ಇಲ್ಲಿಗ್ಯಾಕೆ ಬರ್ತಿದ್ದೆ? ಈಗ ಹೇಳಿ. ನನ್ನ ಮೇಜು ಬಿಟ್ಟು, ನಿಮ್ಮ ಕೆಲ್ಸಕ್ಕೆ ಇನ್ನೇನು ಅಡ್ಡ ಬರ್ತಿದೆ?"

ಇಂಥ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರೂ ಯಾರಿಗೂ ಕೇಳಿರಲಿಲ್ಲ. ಮೊದಲು ಗಾರೆಮಾವ ಬಾಯಿಬಿಟ್ಟರು. ಮೇಲಿನವರು ಇಡೀ ದಿನದ ಅಚ್ಚುಗಳನ್ನು ಸಂಜೆ ಒಟ್ಟಿಗೆ ಕಳಿಸುತ್ತಾರೆ. ಬೆಳಗ್ಗೆಯೆಲ್ಲ ತಮ್ಮ ಕೈ ಖಾಲಿ, ಸಂಜೆ ಉಸಿರಾಡಲು ಬಿಡುವಿಲ್ಲ. ಹಲ್ಲಿನ ಬಣ್ಣ ಯಾವುದೆಂದು ಮೇಲಿನವರು ಹೇಳಿ ಕಳಿಸುವುದಿಲ್ಲ, ಊಹಿಸಬೇಕು ಎಂದಳು ಮುತ್ತಮ್ಮ. ತನ್ನ ಉಜ್ಜುವ ಚಕ್ರ ಸವೆದು ಹೋಗಿ ಬಹಳ ಕಾಲವಾಯಿತು, ಕೇಳಿದರೆ ದೊಡ್ಡಕ್ಕನ ತಲೆಗೆ ಇನ್ನೊಂದು ಭಾರವೆಂದು ಸುಮ್ಮನಿದ್ದೆ ಎಂದಳು ಅತ್ತಿಗೆ.

ಅಂದಿನಿಂದ ಪದ್ಧತಿ ಬದಲಾಯಿತು. ಮಾಡಿದವರೇ ಮೊದಲು ನೋಡುವುದು. ಮುಂದಿನ ಮೇಜಿನವರು ತೆಗೆದುಕೊಳ್ಳುವಾಗ ಇನ್ನೊಮ್ಮೆ ನೋಡಿ, ಸರಿಯಿಲ್ಲದಿದ್ದರೆ ಮುಖಮುಲಾಜು ನೋಡದೆ ಹಿಂದಿರುಗಿಸುವುದು. ದೊಡ್ಡಕ್ಕನ ಪಾಲಿಗೆ ಮೆಟ್ಟಿಲು ಹತ್ತಿಳಿಯುವ ಕೆಲಸ. ಬಾಯಿಂದ ತೆಗೆದ ಅಚ್ಚು ಆರುವ ಮೊದಲೇ ಅವಳು ಮೇಲೆ ಹಾಜರು. "ಇದರ ಬಣ್ಣ ಯಾವ್ದು ಸರ್?" ಎಂದು ಕೇಳಿ, ಹೇಳುವವರೆಗೂ ಬಾಗಿಲು ಬಿಡುತ್ತಿರಲಿಲ್ಲ. ಹೊಸ ಚಕ್ರವನ್ನು ಅದೇ ದಿನ ಕೊಂಡು ತಂದಳು. ಶುಕ್ರವಾರಕ್ಕೆ ಅವಳ ಕಣ್ಣು ಎಂದಿನಂತಾಗಿತ್ತು. ಯಾರ ಮೇಜಿನ ಪಕ್ಕ ಹಾದರೂ ಕೈ ತಾನಾಗಿ ಚಾಚುತ್ತಿತ್ತು. ಅತ್ತಿಗೆ ಆ ಕೈಯ ಮೇಲೆ ಮೆಲ್ಲಗೆ ಏಟು ಕೊಡುತ್ತಿದ್ದಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಸೆಟ್ಟೂ ಮೇಲಕ್ಕೆ ಹೋಯಿತು. ಗುರುವಾರದ ನಂತರ ಹೋದವುಗಳಲ್ಲಿ ಒಂದನ್ನೂ ದೊಡ್ಡಕ್ಕ ನೋಡಿರಲಿಲ್ಲ. ನಾಲ್ವರೂ ಸಾಲಾಗಿ ಕುಳಿತು, ಚಾವಣಿಯ ಕಡೆ ಕಿವಿಗೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಡಾಕ್ಟರೇ ಬಂದರು, ಕೈಯಲ್ಲಿ ಒಂದು ಸೆಟ್ಟು.

"ರೇಡಿಯೊದಲ್ಲಿ ಸುದ್ದಿ ಓದ್ತಾ ಇದ್ರಲ್ಲ, ಆ ಅಜ್ಜಿಯದು. ಉಳಿದೋರದ್ದೆಲ್ಲ ಚೆನ್ನಾಗಿ ಕೂತಿದೆ. ಇವರು 'ಸ' ಅಂದ್ರೆ ಸೀಟಿ ಹೊಡೆದ ಹಾಗಾಗುತ್ತೆ. ನಿವೃತ್ತಿ ಆದ್ಮೇಲೂ ಜನ ಸಭೆಗೆ ಕರೀತಾರೆ ಅವರನ್ನ. ಇದನ್ನ ಯಾರು ನೋಡಿದ್ದು?"

ದೊಡ್ಡಕ್ಕ ಎದ್ದೇಬಿಟ್ಟಳು. "ನಾನು" ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು; ಅದನ್ನಾಡಿದ್ದರೆ ಸೆಟ್ಟು ಅವಳ ಕೈಗೇ ಬರುತ್ತಿತ್ತು, ಸೋಮವಾರದಿಂದ ಸಾಲೂ ಅವಳ ಮೇಜಿಗೇ ಬರುತ್ತಿತ್ತು. ಅಷ್ಟರಲ್ಲಿ ಮುತ್ತಮ್ಮ ಹೇಳಿದಳು:

"ನಾನು ಸರ್. ನೆಟ್ಟಿದ್ದೂ ನಾನೇ, ನೋಡಿದ್ದೂ ನಾನೇ. ಅಜ್ಜಿ ಹೊರಟುಬಿಟ್ರಾ?"

"ಇಲ್ಲ, ಕೂತಿದ್ದಾರೆ."

"ಅವರು ಮಾತಾಡೋದನ್ನ ನಾನು ಕೇಳ್ಬೇಕು. ಪ್ಲಾಸ್ಟರಿನ ಬಾಯಿ ಸೀಟಿ ಹೊಡೆಯಲ್ಲ ಸರ್. ಅದಕ್ಕೇ ಇಲ್ಲಿ ಗೊತ್ತಾಗಲ್ಲ."

ಡಾಕ್ಟರು ದೊಡ್ಡಕ್ಕನ ಮುಖ ನೋಡಿದರು. ದೊಡ್ಡಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಕರ್ಕೊಂಡು ಹೋಗಿ ಸರ್" ಎಂದಳು. ಹೇಳುವುದು ಸುಲಭವಾಗಿರಲಿಲ್ಲ.

ಮುತ್ತಮ್ಮ ಒಂದು ಸಣ್ಣ ಅರವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲೇರಿದಳು. ಮೇಲಿನಿಂದ ಅಜ್ಜಿ ಗಂಭೀರ ಕಂಠದಲ್ಲಿ ಸುದ್ದಿಯನ್ನು ಓದುವುದು, ನಡುನಡುವೆ ಸಣ್ಣ ಸೀಟಿ, ಅರ ಉಜ್ಜುವ ಸದ್ದು, ಮತ್ತೆ ಸುದ್ದಿ, ಇಷ್ಟು ಕೇಳುತ್ತಿತ್ತು. ಗಾರೆಮಾವ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. ಅತ್ತಿಗೆ ದೊಡ್ಡಕ್ಕನ ಮೊಣಕೈಯನ್ನು ಹಿಡಿದುಕೊಂಡಿದ್ದಳು. ಓಡಿಹೋಗದಿರಲೆಂದೋ, ಧೈರ್ಯಕ್ಕೆಂದೋ ತಿಳಿಯದು. ಬಹಳ ಹೊತ್ತಿನ ಮೇಲೆ, ಸೀಟಿಯಿಲ್ಲದ ಒಂದು ಇಡೀ ಸಮಾಚಾರ ಚಾವಣಿಯನ್ನು ದಾಟಿ ಕೆಳಗಿಳಿಯಿತು.

ಮುತ್ತಮ್ಮ ಹಿಂದಿರುಗಿದಾಗ ಅವಳ ಎರಡೂ ಕೈಗಳಲ್ಲಿ ಒಂದು ತಟ್ಟೆಯಿತ್ತು. ತಟ್ಟೆಯ ತುಂಬ ಹೊಸ ಅಚ್ಚುಗಳು.

"ಸೋಮವಾರದ ಕೆಲ್ಸವಂತೆ. ಹೊರಗಡೆ ಕಳಿಸೋಕೆ ಇಟ್ಟಿದ್ರಂತೆ, ಡಾಕ್ಟರು ತಾವೇ ಎತ್ತಿ ಕೊಟ್ರು," ಎಂದು ಅದನ್ನು ಗಾರೆಮಾವನ ಮೇಜಿನ ಮೇಲಿಟ್ಟಳು. ಗಾರೆಮಾವ ತಟ್ಟೆಯನ್ನು ಎರಡೂ ಕೈಯಿಂದ ಹತ್ತಿರಕ್ಕೆಳೆದುಕೊಂಡು ಬಟ್ಟಲಿಗೆ ನೀರು ಹಾಕಿದರು. ಅತ್ತಿಗೆ ಮೂಗೊರೆಸಿಕೊಂಡು, ಪ್ಲಾಸ್ಟರ್ ಪುಡಿಯನ್ನು ಬೈದಳು.

ದೊಡ್ಡಕ್ಕ ತನ್ನ ಕುರ್ಚಿಯನ್ನು ಎತ್ತಿ ತಂದು ಮುತ್ತಮ್ಮನ ಮೇಜಿನ ಪಕ್ಕ ಹಾಕಿಕೊಂಡಳು.

"ಸೀಟಿ ಎಲ್ಲಿಂದ ಬರ್ತಿತ್ತು?"

"ಮುಂದಿನ ಹಲ್ಲಿನ ಹಿಂಭಾಗ, ಅಂಗುಳದ ಹತ್ರ. ಅಲ್ಲಿ ದಪ್ಪ ಆಗಿ, ನಾಲಗೆಗೆ ಜಾಗ ಸಾಲ್ತಿರ್ಲಿಲ್ಲ."

"ನಂಗೂ ಗೊತ್ತಾಗ್ತಿರ್ಲಿಲ್ಲ ಕಣೇ, ನಾನು ನೋಡಿದ್ರೂ," ಎಂದಳು ದೊಡ್ಡಕ್ಕ. "ಎಷ್ಟು ತೆಳು ಮಾಡಿದೆ? ತೋರಿಸು."